ಬೈಕಲ್‌ನ ಕೋಡಿ

2006ರಲ್ಲಿ ನಮ್ಮ ಯಜಮಾನರು ತೀರಿಕೊಂಡ ಮೇಲೆ, ವೆಸ್ಟ್‌ಮೀಡ್‌ನ ಬಾಡಿಗೆ ಫ್ಲಾಟಿನಲ್ಲಿ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ತಮ್ಮ ಅಸ್ಥಿಯನ್ನು ಸೈಬೀರಿಯಾದ ಬೈಕಲ್ ಸರೋವರದಲ್ಲಿ ಬಿಡಬೇಕೆಂದು ಅವರು ಕೇಳಿಕೊಂಡಿದ್ದರು. ಕಾಯಿಲೆಯ ದಿನಗಳಲ್ಲಿ ಆ ನೀರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ನನಗೆ ಹೇಳುತ್ತಿದ್ದರು. ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಆಳವಂತೆ. ಸಮುದ್ರ ಎಷ್ಟೋ ದೂರವಿದ್ದರೂ ಅಲ್ಲಿ ಸೀಲ್‌ಗಳಿವೆಯಂತೆ. ತಳದಲ್ಲಿ ಭೂಮಿ ಇನ್ನೂ ಸೀಳುತ್ತಲೇ ಇದೆಯಂತೆ. "ಅದೂ ನಿನ್ ಥರಾನೇ ಕಣೇ, ಸುಮ್ನಿರಲ್ಲ" ಎಂದು ನಗುತ್ತಿದ್ದರು.

ನಮಗೆ ಮಕ್ಕಳಿರಲಿಲ್ಲ. ಕರ್ಮ ಮಾಡಿದವರು ಮೆಲ್ಬರ್ನ್‌ನ ಟ್ರುಗನಿನಾದಲ್ಲಿದ್ದ ಅವರ ಅಣ್ಣ. ಅಸ್ಥಿ ಬಿಡಬೇಕಾದ್ದೂ ಅವರ ಕೈಯಿಂದಲೇ. ಅವರು ಒಪ್ಪದಿದ್ದರೆ ಯಜಮಾನರ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಅಸ್ಥಿಯ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಭಾವ ಬಾಗಿಲಲ್ಲೇ ತಡೆದರು.

"ಅಸ್ಥಿ ಮನೆಯೊಳಗೆ ಬೇಡಮ್ಮ. ಗ್ಯಾರೇಜಲ್ಲಿಡು."

ಗ್ಯಾರೇಜಿನಲ್ಲೇ, ಕಾರಿನ ಪಕ್ಕ ನಿಂತು ಮಾತಾಡಿದೆವು.

"ಹರಿಯೋ ನೀರಲ್ಲಿ ಬಿಡ್ಬೇಕು. ಎಷ್ಟೇ ದೊಡ್ಡದಿದ್ರೂ ಕೆರೆ ಕೆರೇನೇ," ಎಂದರು ಭಾವ.

"ಮುನ್ನೂರಕ್ಕೂ ಹೆಚ್ಚು ಹೊಳೆ ಬಂದು ಸೇರುತ್ವೆ ಭಾವ."

"ಬರೋದಿರ್ಲಿ, ಹೋಗೋದು? ಕೋಡಿ ಇದೆಯಾ?"

ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಜಾಗಕ್ಕೆ ಕೋಡಿ ಎನ್ನುತ್ತಾರೆಂಬುದೇ ನನಗೆ ಮರೆತಂತಾಗಿತ್ತು. ಅಣ್ಣ ತಮ್ಮ ಬೆಳೆದದ್ದು ಕೋಲಾರದ ಕಡೆ. ಮಳೆ ನಿಂತರೆ ಅಲ್ಲಿ ಮೊದಲು ಕೇಳುವುದೇ, ಕೋಡಿ ಬಿತ್ತಾ ಎಂದು.

"ಒಂದೇ ಒಂದಿದೆ. ಅಂಗಾರಾ ಅಂತ ನದಿ. ಅಷ್ಟೂ ನೀರು ಅದರಲ್ಲೇ ಆಚೆ ಹೋಗತ್ತೆ."

ಭಾವ ಬಟ್ಟೆ ತೆಗೆದುಕೊಂಡು ಕಾರಿನ ಬಾನೆಟ್ ಒರೆಸತೊಡಗಿದರು. ಅದರ ಮೇಲೆ ಧೂಳೇ ಇರಲಿಲ್ಲ.

"ಹಾಗಿದ್ರೆ ಕೋಡಿ ಹತ್ರಾನೇ ಬಿಡೋಣ," ಎಂದರು ಕೊನೆಗೆ. "ಕ್ರಿಸ್‌ಮಸ್ ರಜೆಗೆ ಬುಕ್ ಮಾಡ್ತೀನಿ. ಬೇಸಿಗೆ, ಆರಾಮಾಗಿರತ್ತೆ."

"ಭಾವ, ಬೇಸಿಗೆ ಇಲ್ಲಿ. ಅಲ್ಲಿ ಆಗ ಕೊರೆಯೋ ಚಳಿ."

"ಅಯ್ಯೋ! ಈ ದೇಶಕ್ಕೆ ಬಂದು ತಲೆ ಉಲ್ಟಾ ಆಗೋಗಿದೆ. ಹಾಗಾದ್ರೆ ಜುಲೈವರೆಗೂ ಕಾಯೋಣ."

"ಸರೋವರ ಹೆಪ್ಪುಗಟ್ಟಿದ್ರೂ ನದಿ ಹೊರಡೋ ಜಾಗ ಹೆಪ್ಪುಗಟ್ಟಲ್ಲ ಭಾವ. ಇವರೇ ಹೇಳಿದ್ರು. ಡಿಸೆಂಬರಲ್ಲೇ ಹೋಗೋಣ, ನನ್ನ ಕೈಲಿ ಕಾಯಕ್ಕಾಗಲ್ಲ."

ಭಾವ ನನ್ನನ್ನು ನೋಡಿದರು, ಆಮೇಲೆ ಡಬ್ಬಿಯನ್ನು.

"ಆ ಚಳೀಲಿ ಪಂಚೆ ಹೇಗಮ್ಮ ಉಡ್ಲಿ?"

"ಪ್ಯಾಂಟಿನ ಮೇಲೇ ಸುತ್ಕೊಳ್ಳಿ."

"ನೋಡಿದ್ರೆ ನಗ್ತಾನೆ ಅವನು."

"ನಗ್ಲಿ ಬಿಡಿ ಭಾವ."