ಹೊತ್ತು ಮುಳುಗುವ ಮುಂಚಿನ ನೀರು

ನಮ್ಮತ್ತೆಯ ಕಿಡ್ನಿ ಕೈಕೊಟ್ಟ ಮೇಲೆ ನಿಪ್ಪಾಣಿಯ ಡಾಕ್ಟರು ಕುಡಿಯುವ ನೀರಿಗೂ ಅಳತೆ ಹಾಕಿದರು. ಔಷಧಿ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವೇ ಅವರ ಲೋಟವಾಯಿತು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅತ್ತೆ ಹನಿ ನೀರನ್ನೂ ಮುಟ್ಟುವವರಲ್ಲ. ಹಾಗಾಗಿ ಸಂಜೆಯ ಒಂದು ಮುಚ್ಚಳ ನೀರಿಗೆ ಮಧ್ಯಾಹ್ನದಿಂದಲೇ ಕಾಯುತ್ತಿದ್ದರು.

ನಾನು ಚಿಕ್ಕೋಡಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವವಳು. ಆಗ ಮೋಲ್ ಪಾಠ ನಡೆದಿತ್ತು. ಎಣಿಸಲಾಗದ್ದನ್ನು ತೂಗಿ ಲೆಕ್ಕ ಹಿಡಿಯುವ ಪಾಠ ಅದು. ಮೂವತ್ತಾರು ಗ್ರಾಂ ನೀರಿನಲ್ಲಿ ಎಷ್ಟು ಕಣ, ಮೊದಲು ಹದಿನೆಂಟರಿಂದ ಭಾಗಿಸ್ರಪ್ಪಾ ಎಂದು ದಿನವಿಡೀ ಗಂಟಲು ಹರಿದುಕೊಂಡು ಒಂದು ಸಂಜೆ ಕರೋಶಿಯ ನಮ್ಮ ಮನೆಗೆ ಬಂದಿದ್ದೆ. ಮುಚ್ಚಳಕ್ಕೆ ನೀರು ಸುರಿದೆ. ಇಷ್ಟೇನಾ ಎಂದು ಅತ್ತೆಗೆ ಬೇಜಾರಾಗದಿರಲಿ ಅಂತ, ಬಾಯಿ ಸುಮ್ಮನಿರದೆ ಹೇಳಿದೆ:

"ಅತ್ತಿ, ಕಮ್ಮಿ ಅನ್ಕೋಬ್ಯಾಡ್ರಿ. ಇದು ಹದಿನೆಂಟ ಗ್ರಾಂ, ಅಂದ್ರ ಒಂದ ಮೋಲ್. ಆರರ ಮುಂದ ಇನ್ನೂ ಇಪ್ಪತ್ಮೂರ ಅಂಕಿ ಹಚ್ಚಿದ್ರ ಎಷ್ಟೋ, ಅಷ್ಟ ಕಣ ಇದರಾಗ ಅದಾವ!"

ತುಟಿಯ ಹತ್ತಿರ ಹೋದ ಮುಚ್ಚಳ ಹಾಗೇ ನಿಂತಿತು.

"ಅಷ್ಟೂ ಜೀವಾ ಏನವಾ?"

ಕೆಟ್ಟೆನಲ್ಲ ಅನ್ನಿಸಿತು. ಜೀವಮಾನವಿಡೀ ನೀರನ್ನು ಬಟ್ಟೆಯಲ್ಲಿ ಸೋಸಿ, ಕಣ್ಣಿಗೆ ಕಾಣದ ಹುಳವೂ ಸಾಯಬಾರದೆಂದು ಆ ಬಟ್ಟೆಯನ್ನು ಮತ್ತೆ ಬಾವಿಗೇ ಜಾಲಿಸುತ್ತಿದ್ದ ಹೆಂಗಸಿಗೆ ನಾನು ಹೇಳಿದ್ದೇನು!

"ಜೀವ ಅಲ್ರಿ, ಬರೇ ಕಣ."

"ನೀ ಕಣ್ಣಿಲೆ ನೋಡೀಯೇನು?"

ನೋಡಿರಲಿಲ್ಲ.

"ಮತ್ತ? ಒಬ್ಬ ಮುದಿಕಿ ನೀರಡಿಕಿಗೆ ಅಷ್ಟ ಮಂದಿ ಯಾಕ ಸಾಯಬೇಕು?" ಎಂದು ಮುಚ್ಚಳವನ್ನು ಕಿಟಕಿಕಟ್ಟೆಯ ಮೇಲಿಟ್ಟುಬಿಟ್ಟರು.

ಹೊರಗೆ ಬಿಸಿಲು ಕಬ್ಬಿನ ತುದಿಗೆ ಏರಿತ್ತು. ಇನ್ನು ಸ್ವಲ್ಪ ತಡವಾದರೆ ಬೆಳಗಿನವರೆಗೆ ಅವರಿಗೆ ನೀರಿಲ್ಲ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಸಿಟ್ಟೆಲ್ಲ ನನ್ನ ನಾಲಿಗೆಯ ಮೇಲೆ.

"ಕಾಸಿದ ನೀರ್ರಿ ಇದು. ಸಾಯೂವು ಇದ್ರ ಕಾಸುವಾಗಲೇ ಸತ್ತಾವ. ಕಾಸಿದಾಕಿ ನಾನು. ಏನರ ಪಾಪಾ ಇದ್ರ ನನಗ ಬರ್ಲಿ. ನೀವು ಕುಡೀರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮುಚ್ಚಳ ಎತ್ತಿ, ಕಣ್ಣು ಮುಚ್ಚಿ ನಿಧಾನವಾಗಿ ಕುಡಿದರು. ಅರ್ಧಕ್ಕೆ ನಿಲ್ಲಿಸಿ ನನ್ನತ್ತ ಚಾಚಿದರು.

"ನನಗ್ಯಾಕ್ರಿ? ನಿಮಗ ಇರೂದ ಇಷ್ಟ ನೀರು."

"ಪಾಪದಾಗ ಪಾಲ ಬೇಡಿದಾಕಿ, ನೀರಿನಾಗ ಯಾಕ ಬ್ಯಾಡ? ಕುಡಿ."

ಮಧ್ಯಾಹ್ನದಿಂದ ಬಾಯಾರಿ ಕೂತಿದ್ದವರು ಉಳಿಸಿಕೊಟ್ಟ ಆ ಅರ್ಧ ಗುಟುಕನ್ನು ನುಂಗಲು ನನಗೆ ಬಹಳ ಹೊತ್ತು ಹಿಡಿಯಿತು.