ಫಕ್ರುದ್ದೀನ್ ಮಿಸ್ತ್ರಿ ‘ಧೂಳು’ ಅಂದದ್ದು

ಪುತಳಾಬಾಯಿ ಫಕ್ರುದ್ದೀನ್ ಮಿಸ್ತ್ರಿಯನ್ನು ಮೊದಲ ಸಲ ನೋಡಿದ್ದು ಕಮಲಾಪುರ ಪೊಲೀಸ್ ಠಾಣೆಯ ಅಂಗಳದಲ್ಲಿ, ಗಂಡ ನಾಗಣ್ಣ ಸತ್ತ ಮೂರನೇ ದಿನ. ಮಹಾಗಾಂವ ಹತ್ತಿರ ನಾಗಣ್ಣನ ಟೆಂಪೋ ರಸ್ತೆ ಬಿಟ್ಟು ಬೇವಿನ ಗಿಡಕ್ಕೆ ಹೊಡೆದಿತ್ತು. ಕುಡಿದು ನಡೆಸಿದ ಅಂತ ಊರೆಲ್ಲ ಮಾತು. ಗಾಡಿ ನೋಡಲು ಠಾಣೆಯವರು ಕರೆಸಿದ್ದ ಮಿಸ್ತ್ರಿ ಟೆಂಪೋದ ಕೆಳಗಿಂದ ಎದ್ದು ಬಂದು, ಮುರಿದ ಸ್ಟೇರಿಂಗ್ ರಾಡನ್ನು ನೆರೆದವರಿಗೆ ತೋರಿಸಿದ.

“ನೋಡ್ರಿ, ಅರ್ಧ ಹಳೇ ತುಕ್ಕು, ಅರ್ಧ ಹೊಸಾ ಮುರುಕು. ಚಕ್ರ ಅವನ ಮಾತೇ ಕೇಳಿಲ್ಲ. ಕುಡಿದಿದ್ದ ಅನ್ನವ್ರು ನನ್ನ ಮುಂದ ಬಂದು ಅನ್ರಿ.”

ಊರಲ್ಲಿ ಕುಡಿದ ಅನ್ನುವ ಮಾತು ಅಲ್ಲಿಗೇ ನಿಂತಿತು.

ಅಂದಿನಿಂದ ಆಕೆಗೆ ಸ್ಟೇರಿಂಗ್ ಅಂದರೆ ಅಂಜಿಕೆ. ಮಗ ರೇವಣ ದೊಡ್ಡವನಾಗಿ ಕಾರು ತಂದು ಕಮಲಾಪುರ–ಕಲಬುರಗಿ ಬಾಡಿಗೆ ಹೊಡೆಯತೊಡಗಿದ ಮೇಲೆ, ಪ್ರತಿ ಅಮಾಸಿಗೆ ಶರಣಬಸಪ್ಪನ ಗುಡಿಯ ವಿಭೂತಿಯನ್ನು ತೆಂಗಿನ ನೀರಲ್ಲಿ ಕಲಸಿ ಸ್ಟೇರಿಂಗಿನ ಮುಂದೆಯೂ ಹಿಂದಿನ ಸಂದಿಯಲ್ಲೂ ಮೆತ್ತುವಳು. ಮಗ ಏಳುವುದರೊಳಗೆ ಮೇಲಿನದನ್ನು ಮಾತ್ರ ಒರೆಸಿಬಿಡುವಳು.

ಹೋದ ವರ್ಷ ಮಿಸ್ತ್ರಿ ಆ ಕಾರಿನ ಮುಂದಿನ ಚಕ್ರಗಳನ್ನು ನೆಟ್ಟಗೆ ಕೂಡಿಸಿ ಅಲೈನ್‌ಮೆಂಟ್ ಮಾಡಿಕೊಟ್ಟ ಎಂಟೇ ದಿನಕ್ಕೆ ಸ್ಟೇರಿಂಗಿನ ಎಚ್ಚರಿಕೆಯ ಹಳದಿ ದೀಪ ಹತ್ತಿತು. ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಯಿತು. ಸೇಡಂ ರಸ್ತೆಯ ಗ್ಯಾರೇಜಿನವರು, ಹಿಂದೆ ಕೈ ಹಚ್ಚಿದವನೇ ಕೆಡಿಸ್ಯಾನ ಅಂದರು. ರೇವಣ ತಾಯಿಯನ್ನು ಕೂಡಿಸಿಕೊಂಡು ನೆಟ್ಟಗೆ ಮಿಸ್ತ್ರಿಯ ಶೆಡ್ಡಿಗೆ ಬಂದ.

“ಚಾಚಾ, ಟ್ರ್ಯಾಕ್ಟರ್ ಬಿಚ್ಚೋ ಕೈ ನಿಂದು. ಕಂಪ್ಯೂಟರ್ ಗಾಡಿ ಯಾಕ್ ಮುಟ್ಟಿದಿ?”

“ಮುಟ್ಟೀನಿ, ಇನ್ನೊಮ್ಮೆ ಮುಟ್ತೀನಿ. ಚಾ ಕುಡಿ, ಅಷ್ಟೊತ್ತರ ಬಾಯಿ ಸುಮ್ನಿರ್ತದ.”

ಮಿಸ್ತ್ರಿ ಗಾಡಿಯ ದೋಷ ಓದುವ ಕೈಯಗಲದ ಸ್ಕ್ಯಾನರನ್ನು ಕಾರಿಗೆ ಜೋಡಿಸಿದ. ಸ್ಟೇರಿಂಗ್ ಎಷ್ಟು ತಿರುಗಿತು ಅಂತ ಗಾಡಿಗೆ ತಿಳಿಸುವ ಸೆನ್ಸರ್ ತಪ್ಪು ಹೇಳುತ್ತಿತ್ತು. ಚಕ್ರ ನೆಟ್ಟಗಿದ್ದರೂ, ಸೊನ್ನೆ ಇರಬೇಕಾದಲ್ಲಿ ಅಂಕಿ ಹದಿನಾಲ್ಕು.

“ನನ್ನ ಕೆಲಸ ತಪ್ಪಿದ್ರ ಎಲ್ಲಾ ಕಡಿಗೂ ಹದಿನಾಲ್ಕೇ ಫರಕು ಬರಬೇಕು,” ಅಂದ. ಸಾವಕಾಶ ತಿರುಗಿಸಿದ. ಅಂಕಿ ಒಂದೊಂದೇ ಏರಿ, ಒಂದು ಜಾಗದಲ್ಲಿ ಥಟ್ಟನೆ ಹಾರಿತು. ಮತ್ತೆ ತಿರುಗಿಸಿದ, ಅದೇ ಜಾಗ. ತಂತಿ ಅಲುಗಿಸಿದ, ಅಂಕಿ ಕದಲಲಿಲ್ಲ. ತಂತಿಯದಲ್ಲ, ಒಳಗೇ ಏನೋ ಕೂತಿದೆ.

ಬ್ಯಾಟರಿಯ ತಂತಿ ತೆಗೆದು, ಕಾಲು ತಾಸು ಕಾದು, ಸ್ಟೇರಿಂಗ್ ಬಿಚ್ಚಿದ. ಸೆನ್ಸರಿನೊಳಗೆ ಸಣ್ಣ ಸಣ್ಣ ಸೀಳುಗಳಿದ್ದ ತೆಳ್ಳನೆಯ ಬಿಲ್ಲೆ. ಒಂದು ಪಕ್ಕದ ಸೀಳುಗಳೆಲ್ಲ ಬೆಳ್ಳಗೆ ಮುಚ್ಚಿಹೋಗಿದ್ದವು. ಉಗುರಿನಿಂದ ಕೆರೆದು ಮೂಸಿದ. ಪುತಳಾಬಾಯಿಯ ಹಣೆಯ ವಿಭೂತಿ ನೋಡಿದ. ಆಕೆ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು.

“ಏನದು?” ಅಂದ ರೇವಣ.

“ಧೂಳು.”

“ಆವತ್ತು ನೀ ಕೈ ಹಚ್ಚಿದಾಗನೇ ಹೊಕ್ಕದ.”

ಮಿಸ್ತ್ರಿ ಮತ್ತೆ ಕೆಲಸಕ್ಕೆ ಬಗ್ಗಿದ. ಬಿಲ್ಲೆಯನ್ನು ಮೆತ್ತನೆಯ ಕುಂಚದಿಂದ ತೊಳೆದ, ಒಣಗಿಸಿದ, ಜೋಡಿಸಿದ. ಚಕ್ರ ನೆಟ್ಟಗೆ ಮಾಡಿ ಸ್ಕ್ಯಾನರಿನಲ್ಲಿ ಸೊನ್ನೆಗೆ ಕೂಡಿಸಿದ. ಹಳದಿ ದೀಪ ಆರಿತು. ಕಾರು ನೆಟ್ಟಗೆ ಓಡಿತು.

ರೇವಣ ಮಾತ್ರ ಬಾಡಿಗೆ ಕಾರು ನಿಲ್ಲುವಲ್ಲಿ ಎಲ್ಲರಿಗೂ ಹೇಳಿದ, ಮುದುಕ ಸೆನ್ಸರಿನಾಗ ಧೂಳು ತುಂಬಿ ಕಳಿಸಿದ್ದ ಅಂತ. ಎರಡು ತಿಂಗಳಲ್ಲಿ ಶೆಡ್ಡಿಗೆ ಕಾರು ಬರುವುದು ನಿಂತಿತು. ಸೈಕಲ್ಲು, ಬೈಕುಗಳ ಪಂಚರ್ ಅಷ್ಟೇ ಉಳಿಯಿತು. ಪುತಳಾಬಾಯಿ ಆ ಹಾದಿಯಲ್ಲಿ ಹೋದರೆ, “ಆರಾಮ್ ಅದೀರೇನ್ರಿ ಅಕ್ಕಾ” ಅನ್ನುವ. ಮಗನಿಗೆ ನಿಜ ಹೇಳಿಬಿಡಬೇಕು ಅಂತ ಆಕೆ ದಿನಾ ಎಣಿಸುವಳು. ಅಪ್ಪನಂಗ ನನ್ನೂ ಗಿಡಕ್ಕ ಹೊಡಿಸ್ತಿದ್ದೆಲ್ಲ ಅಂತ ಮಗ ಅಂದರೆ? ಹಾಗೆ ವರ್ಷ ಕಳೆಯಿತು.

ಮಿಸ್ತ್ರಿಗೆ ಪುಪ್ಪುಸದ ಬೇನೆ ಬಂತು, ಉಸಿರು ಸಿಗವಲ್ದು, ಕಲಬುರಗಿ ದವಾಖಾನೆಗೆ ಒಯ್ದಾರ ಅಂತ ಸುದ್ದಿ ಬಂದ ರಾತ್ರಿ, ಊಟಕ್ಕೆ ಕೂತ ಮಗನಿಗೆ ಆಕೆ ಎಲ್ಲ ಹೇಳಿದಳು. ರೇವಣ ರೊಟ್ಟಿ ಅಲ್ಲೇ ಬಿಟ್ಟು ಕೈ ತೊಳೆದು ಎದ್ದ.

ಮರುದಿನ ಆಕೆ ನಾಲ್ಕು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಸ್ಸಿನಲ್ಲಿ ದವಾಖಾನೆಗೆ ಹೋದಳು. ಮಿಸ್ತ್ರಿಯ ಹೆಂಡತಿ ದಿಲ್ಶಾದ್ ಬೇಗಂ ಅವನನ್ನು ದಿಂಬಿಗೆ ಒರಗಿಸಿದಳು.

“ಅಣ್ಣಾ, ರೇವಣಗ ಹೇಳೀನಿ. ಅದು ನನ್ನ ವಿಭೂತಿ, ನಿಮ್ಮ ಕೆಲಸದಾಗ ತಪ್ಪಿರಲಿಲ್ಲ ಅಂತ.”

ಅದಾದ ಎರಡು ದಿನಕ್ಕೆ ಮಿಸ್ತ್ರಿ ತೀರಿಕೊಂಡ. ಅವತ್ತು ದವಾಖಾನೆಯಲ್ಲಿ ಆಕೆಯನ್ನು ಉಸಿರು ಹಿಡಿದು ಹಿಡಿದು ಕೇಳಿದ್ದು ಇಷ್ಟೇ:

“ಎಲ್ಲಿ ಹೇಳಿದ್ರಿ ಅಕ್ಕಾ? ಮನ್ಯಾಗೋ, ಕಾರ್ ನಿಲ್ಲೋ ಜಾಗದಾಗೋ?”