ಕಣ್ಣಿನ ಶಿಬಿರಕ್ಕೆ ಜನರನ್ನು ಕರೆಯುವ ಸಣ್ಣತಿಮ್ಮಯ್ಯ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಂದನಕೆರೆ ಬಳಿಯ ಹಳ್ಳಿಯೊಂದರಲ್ಲಿ ಸಣ್ಣತಿಮ್ಮಯ್ಯ ಎರಡು ಬಿಂದಿಗೆ ನೀರು ತಂದು ಹುಚ್ಚಕ್ಕನ ಹಂಡೆಗೆ ಸುರಿಯುತ್ತಾರೆ. ಹುಚ್ಚಕ್ಕ ಅವರಿಗೆ ನೆಂಟಳಲ್ಲ. ಹೋದ ವರ್ಷ ತಿಪಟೂರಿನ ಕಣ್ಣಿನ ಶಿಬಿರಕ್ಕೆ ಅವರೇ ಕೈಹಿಡಿದು ಕರೆದೊಯ್ದ ಮುದುಕಿ. ಆಪರೇಷನ್ ಆದ ಕಣ್ಣು ಕೀವು ತುಂಬಿ ಹೋಯಿತು. ಇನ್ನೊಂದು ಮೊದಲೇ ಹೋಗಿತ್ತು. ಈಗ ತಡವಿ ತಡವಿ ತೆಂಗಿನ ಗರಿ ಹೆಣೆಯುತ್ತಾಳೆ.

"ಬುಡಪ್ಪ, ನೀನೇನ್ ಬೇಕಂತ ಮಾಡಿದ್ಯಾ" ಎಂದು ಆಕೆ ದಿನವೂ ಸಮಾಧಾನ ಹೇಳುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಣ್ಣತಿಮ್ಮಯ್ಯ ಸೇವಾ ಸಂಘವೊಂದರ ಕೆಲಸಗಾರ. ಎಪ್ಪತ್ತಾರನೇ ಇಸವಿಯಲ್ಲಿ ಸೇರಿದವರು. ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದು, ಬ್ಯಾಟರಿ ಬಿಟ್ಟು ಮುದುಕರ ಕಣ್ಣು ನೋಡುತ್ತಾರೆ. ಪೊರೆ ಬಲಿತವರನ್ನು ಪುಸಲಾಯಿಸಿ ಬಸ್ಸು ಹತ್ತಿಸುತ್ತಾರೆ. ವರ್ಷಕ್ಕೆ ನೂರರ ಮೇಲೆ ಜನ. "ಸೇವೆ ಅಂದಮೇಲೆ ಸಂಬಳದ ಮಾತೇಕೆ" ಎನ್ನುವ ಕಾರ್ಯದರ್ಶಿಗಳಿಗೆ ಓಡಾಡಲು ಮಾತ್ರ ಜೀಪು ಬೇಕು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಚಿಕ್ಕಗಂಗಮ್ಮ ಚುಚ್ಚಿದ್ದೂ ಉಂಟು. ಆದರೂ ಅವರು ಬಿಡಲಿಲ್ಲ.

"ಪಟ್ಟಿ ಬಿಚ್ಚೋ ದಿನ ನೀವು ನೋಡ್ಬೇಕು ಕಣ್ರೀ. ದಂಡಿನಶಿವರದ ಮಾರಯ್ಯ ನನ್ ಮಕ ಎಲ್ಲ ಸವರಿ, 'ಇಷ್ಟ್ ಕರ್ರಗಿದ್ಯೇನ್ಲಾ ನೀನು' ಅಂತ ನಕ್ಬುಟ್ಟ. ಅವತ್ತೆಲ್ಲ ನಂಗೆ ಹಸಿವೇ ಗೊತ್ತಾಗ್ಲಿಲ್ಲ." ಇದನ್ನು ಹೇಳುವಾಗ ಮಾತ್ರ ಅವರ ಮುಖ ಅರಳುತ್ತದೆ.

ಹುಚ್ಚಕ್ಕನ ವಿಷಯದಲ್ಲಿ ಸಂಘದವರು "ನೂರಕ್ಕೊಂದು ಹೀಗಾಗುತ್ತದೆ" ಎಂದು ಕೈತೊಳೆದುಕೊಂಡರು. ಡಾಕ್ಟರು ತಮ್ಮ ಊರಿಗೆ ಹೋದರು. ಹಳ್ಳಿಯವರಿಗೆ ಸಂಘವೂ ಗೊತ್ತಿಲ್ಲ, ಡಾಕ್ಟರ ಹೆಸರೂ ಗೊತ್ತಿಲ್ಲ. "ಏನೂ ಆಗಲ್ಲ, ನಾನಿದ್ದೀನಿ" ಎಂದು ಮಾತು ಕೊಟ್ಟವರು ಸಣ್ಣತಿಮ್ಮಯ್ಯ, ಆದ್ದರಿಂದ ಉತ್ತರ ಹೇಳಬೇಕಾದವರೂ ಅವರೇ. ಎಂಥ ಅನ್ಯಾಯ!

ಈ ವರ್ಷ ಅವರ ಸೈಕಲ್ ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಪೊರೆ ಬಂದ ಗಂಡನನ್ನು ಮನೆಯಲ್ಲಿಟ್ಟುಕೊಂಡಿರುವ ರಂಗಕ್ಕ ಮುಖಕ್ಕೆ ಹೊಡೆದಂತೆ ಹೇಳಿದಳು: "ನಿಮ್ಮವ್ವಂಗೂ ಪೊರೆ ಬಂದೈತಲ್ಲ, ಮೊದ್ಲು ಆವಮ್ಮನ್ನ ಕರ್ಕಂಡೋಗು. ಆಮ್ಯಾಕೆ ನಮ್ಮನೆ ತಾವ ಬಾ." ಜನ ಬರದಿದ್ದರೆ ಈ ಕಡೆಯವರಿಗೆ ಇನ್ನು ಶಿಬಿರವೇ ಇಲ್ಲ ಎಂದು ಸಂಘ ಹೇಳಿದೆ. ಶಿಬಿರ ನಿಂತರೆ ಇಲ್ಲಿಯ ಮುದುಕರು ಕುರುಡರಾಗಿಯೇ ಸಾಯಬೇಕು.

ತಾಯಿ ಕೆಂಪಕ್ಕ ಕಣ್ಣು ಬೇಕೆಂದು ಕೇಳಿದವಳೇ ಅಲ್ಲ. "ಒಲೆ ಕಾಣ್ತದೆ, ಮಗ ಕಾಣ್ತಾನೆ, ಇನ್ನೇನ್ ಬೇಕು" ಎನ್ನುತ್ತಿದ್ದವಳು. ಆಪರೇಷನ್ ಕೆಟ್ಟರೆ ಆ ಮಸುಕು ನೋಟವೂ ಹೋದೀತು. ಅದು ಸಣ್ಣತಿಮ್ಮಯ್ಯನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಅವ್ವಂಗೋಸ್ಕರ ಕರ್ಕಂಡೋಗ್ತಿಲ್ಲ ಕಣ್ರೀ, ಊರವರು ನಂಬ್ಲಿ ಅಂತ ಕರ್ಕಂಡೋಗ್ತಿದೀನಿ. ಇಂಥ ಮಗ ಯಾರಿಗೂ ಬ್ಯಾಡ" ಎಂದು ತಲೆ ತಗ್ಗಿಸುತ್ತಾರೆ.

ತಿಪಟೂರಿನ ಬಸ್ಸು ಬಂದು ನಿಲ್ಲುತ್ತದೆ. ಜಗಲಿಗಳ ಮೇಲೆ ಕೂತ ಜನ ನೋಡುತ್ತಾರೆ, ಯಾರೂ ಏಳುವುದಿಲ್ಲ. ಒಗೆದ ಸೀರೆಯುಟ್ಟ ಕೆಂಪಕ್ಕ ಮಗನ ಕೈ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟವಳು ನಿಂತುಬಿಡುತ್ತಾಳೆ.

"ಎಷ್ಟೊಂದು ಜನದ ಅವ್ವಂದಿರ್ನ ಹತ್ತಿಸ್ದ್ಯಲ್ಲೋ ಮಗ, ಅವಾಗೂ ನಿನ್ ಕೈ ಹಿಂಗೇ ನಡುಗ್ತಿತ್ತಾ?"

"ಇಲ್ಲ ಕಣವ್ವ" ಎನ್ನುತ್ತಾರೆ ಸಣ್ಣತಿಮ್ಮಯ್ಯ. "ನಡುಗ್ಬೇಕಾಗಿತ್ತು."